ಹಳೇ ಟ್ರಾಕ್ಟರ್‌ನ ವಾಟರ್ ಪಂಪ್ ಸೋರುತ್ತಿದೆಯಾ? ಹೊಸದು ತರುವ ಮುಂಚೆ ಇಷ್ಟು ನೋಡಿ

ಕಳೆದ ವರ್ಷ ಮುಂಗಾರು ಹಿಡಿಯುವ ಮುಂಚೆ, ಆಲೂಗಡ್ಡೆ ಬಿತ್ತನೆಗೆ ಹೊಲ ಹಸನು ಮಾಡುವ ಹೊತ್ತಿಗೆ, ನಮ್ಮ ಮನೆಯ ಹಳೇ ಮ್ಯಾಸಿ 1035 ನೀರು ಕುಡಿಯಲು ಶುರು ಮಾಡಿತು. ಬೆಳಿಗ್ಗೆ ರೇಡಿಯೇಟರ್ ತುಂಬಿಸಿದರೆ ಮಧ್ಯಾಹ್ನಕ್ಕೆ ಎರಡು ಲೀಟರ್ ಕಡಿಮೆ. ಫ್ಯಾನ್ ಕೆಳಗೆ ನೆಲ ಒದ್ದೆ. ವಾಟರ್ ಪಂಪ್ ಹೋಗಿದೆ ಅಂದುಕೊಂಡು ಹಾಸನಕ್ಕೆ ಹೋಗಿ ಹೊಸದು ತಂದು ಹಾಕಿದೆ. ಐದು ವಾರಕ್ಕೆ ಅದೂ ಸೋರಿತು.

ಎರಡನೇ ಸಲ ಬಿಚ್ಚಿದಾಗ ಪಂಪನ್ನು ತೆಗೆದುಕೊಂಡು ಹೋಗಿ ಲೇತ್ ಅಂಗಡಿಯ ಹಿರಿಯರ ಮುಂದೆ ಇಟ್ಟೆ. ಅವರು ಪಂಪ್ ಬಿಚ್ಚಿ ಸೀಲ್ ಕಡೆ ನೋಡಲೇ ಇಲ್ಲ. ಎರಡು ಬೇರಿಂಗನ್ನೂ ಬೆರಳಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿದರು. "ಮುಂದಿನ ಬೇರಿಂಗ್ ಹೋಗೈತೆ, ಹಿಂದಿಂದು ಚೆನ್ನಾಗೈತೆ. ಇದು ನೀರಿಂದ ಹಾಳಾಗಿದ್ದಲ್ಲ ಮಗ. ಫ್ಯಾನು, ಬೆಲ್ಟು ನೋಡು ಹೋಗು" ಅಂದರು.

ಮನೆಗೆ ಬಂದು ನೋಡಿದರೆ ಫ್ಯಾನಿನ ಒಂದು ರೆಕ್ಕೆ ಬೆರಳು ದಪ್ಪದಷ್ಟು ಬಾಗಿತ್ತು. ಬೆಲ್ಟನ್ನು ವೀಣೆ ತಂತಿಯ ಹಾಗೆ ಬಿಗಿದಿದ್ದೆ. ಆ ಎರಡನ್ನು ಸರಿ ಮಾಡಿ, ಹಳೇ ಪಂಪನ್ನೇ ಬೇರಿಂಗ್, ಸೀಲ್ ಬದಲಾಯಿಸಿ ಹಾಕಿದೆವು. ಅವತ್ತಿಂದ ಇವತ್ತಿನ ತನಕ ಒಂದು ಹನಿ ಬಿದ್ದಿಲ್ಲ. ಬೇಲೂರು, ಆಲೂರು, ಮೂಡಿಗೆರೆ ಕಡೆ ಇಂಥ ಹಳೇ ಟ್ರಾಕ್ಟರ್ ಇನ್ನೂ ಎಷ್ಟೋ ಮನೆಗಳಲ್ಲಿ ದುಡಿಯುತ್ತಿವೆ. ಒಂದೇ ಪಂಪನ್ನು ಎರಡೆರಡು ಸಲ ಬಿಚ್ಚುವ ಕಷ್ಟ ಬೇರೆಯವರಿಗೆ ಬೇಡ ಅಂತ, ನಾನು ಕಲಿತಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಪಂಪಿನ ಒಳಗೆ ಏನಿರುತ್ತದೆ

ಗ್ಯಾರೇಜಿನವರು ಇದನ್ನು ವಾಟರ್ ಬಾಡಿ ಅಂತಲೂ ಕರೆಯುತ್ತಾರೆ. ಬೀಡಿನ, ಅಂದರೆ ಎರಕದ ಕಬ್ಬಿಣದ, ಒಂದು ಬಾಡಿ. ಅದರ ನಡುವೆ ಒಂದು ಶಾಫ್ಟ್. ಶಾಫ್ಟಿನ ಮುಂದಿನ ತುದಿಗೆ ಪುಲ್ಲಿ, ಪುಲ್ಲಿಗೆ ಫ್ಯಾನ್. ಹಿಂದಿನ ತುದಿಗೆ ನೀರು ತಳ್ಳುವ ಇಂಪೆಲ್ಲರ್. ನಡುವೆ ಎರಡು ಬೇರಿಂಗ್. ಹಿಂದಿನ ಬೇರಿಂಗ್‌ಗೂ ಇಂಪೆಲ್ಲರ್‌ಗೂ ನಡುವೆ ಸೀಲ್. ಸೀಲ್ ಅಂದರೆ ಒಂದು ಕಾರ್ಬನ್ ಬಳೆ. ಸ್ಪ್ರಿಂಗ್ ಅದನ್ನು ನುಣುಪಾದ ಮುಖಕ್ಕೆ ಒತ್ತಿ ಹಿಡಿದಿರುತ್ತದೆ. ಆ ಎರಡು ಮುಖ ಒಂದಕ್ಕೊಂದು ಕೂತಿರುವಷ್ಟು ದಿನ ನೀರು ಆಚೆ ಬರುವುದಿಲ್ಲ.

ಸೀಲ್ ಮತ್ತು ಬೇರಿಂಗ್ ನಡುವೆ, ಬಾಡಿಯ ಕೆಳಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಕೆಸರು, ಗ್ರೀಸ್ ಮೆತ್ತಿಕೊಂಡು ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ. ಪಂಪಿನ ಆರೋಗ್ಯ ಹೇಳುವುದು ಈ ತೂತೇ. ಸೀಲ್ ದಾಟಿದ ನೀರು ಬೇರಿಂಗ್‌ಗೆ ಹೋಗದೆ ಕೆಳಗೆ ಬಿದ್ದುಹೋಗಲಿ ಅಂತ ಅದನ್ನು ಬಿಟ್ಟಿದ್ದಾರೆ. ಕೆಲವರು ಇದಕ್ಕೆ ಎಂ-ಸೀಲ್ ತುಂಬುತ್ತಾರೆ, ಇಲ್ಲವೇ ಬೋಲ್ಟ್ ಹೊಡೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊರಗೆ ದಾರಿ ಸಿಗದ ನೀರು ಬೇರಿಂಗ್ ಒಳಗೆ ನುಗ್ಗಿ ಗ್ರೀಸ್ ತೊಳೆದುಬಿಡುತ್ತದೆ. ಬೇರಿಂಗ್ ಒಡೆದರೆ ಶಾಫ್ಟ್ ಅಲ್ಲಾಡುತ್ತದೆ, ಫ್ಯಾನ್ ಮುಂದಕ್ಕೆ ಬಂದು ರೇಡಿಯೇಟರ್ ಕೊರೆಯುತ್ತದೆ. ರೇಡಿಯೇಟರ್ ಬೆಲೆ ಪಂಪಿನ ಬೆಲೆಗಿಂತ ಎಷ್ಟು ಜಾಸ್ತಿ ಅಂತ ನಿಮಗೇ ಗೊತ್ತು.

ಇಲ್ಲಿ ಬರೆದಿರುವುದು ಹೆಚ್ಚಾಗಿ ಪರ್ಕಿನ್ಸ್ ವಿನ್ಯಾಸದ ಮೂರು ಸಿಲಿಂಡರ್ ಇಂಜಿನ್ ಇಟ್ಟುಕೊಂಡು. ಮ್ಯಾಸಿ 35ರ ಸಾಲಿನ ಟ್ರಾಕ್ಟರ್‌ಗಳಲ್ಲಿ ಇರುವುದು ಇದೇ. ಇಂಟರ್‌ನ್ಯಾಷನಲ್ ಬಿ-275, ಎಚ್‌ಎಂಟಿ, ಹಳೇ ಫೋರ್ಡ್ ಇದ್ದರೆ ಬೋಲ್ಟುಗಳ ಜಾಗ ಬೇರೆ ಇರಬಹುದು, ಹುಡುಕುವ ರೀತಿ ಒಂದೇ. ಹಳೇ ಐಷರ್ ಇರುವವರಿಗೆ ಈ ತಲೆನೋವೇ ಇಲ್ಲ. 1959ರಲ್ಲಿ ಫರೀದಾಬಾದಿನಲ್ಲಿ ಶುರುವಾದ ಆ ಟ್ರಾಕ್ಟರ್‌ಗಳ ಇಂಜಿನ್ ಗಾಳಿಯಿಂದಲೇ ತಣ್ಣಗಾಗುತ್ತದೆ.

ನೀರು ನಿಜವಾಗಿ ಎಲ್ಲಿಂದ ಬರುತ್ತಿದೆ?

ಫ್ಯಾನ್ ಕೆಳಗೆ ಒದ್ದೆ ಕಂಡರೆ ಪಂಪೇ ಸೋರುತ್ತಿದೆ ಅಂತ ಹೇಳಲು ಆಗುವುದಿಲ್ಲ. ಫ್ಯಾನ್ ಗಾಳಿಯನ್ನು ಮುಂದಿನಿಂದ ಹಿಂದಕ್ಕೆ ಎಳೆಯುತ್ತದೆ. ಎಲ್ಲೋ ಒಂದು ಕಡೆ ಜಿನುಗಿದ ನೀರನ್ನು ಇಂಜಿನ್ ಮೈಮೇಲೆಲ್ಲ ಚೆಲ್ಲುತ್ತದೆ. ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಕೂರುವ ಹೌಸಿಂಗ್ ಪಂಪಿಗಿಂತ ಮೇಲಿದೆ. ಅಲ್ಲಿ ಪ್ಯಾಕಿಂಗ್ (ಎರಡು ಭಾಗ ಸೇರುವ ಕಡೆ ನೀರು ಸೋರದ ಹಾಗೆ ಇಡುವ ಹಾಳೆ) ಹೋದರೆ ನೀರು ಪಂಪಿನ ಮೇಲೇ ಇಳಿದು ಬರುತ್ತದೆ. ನೋಡಿದವರೆಲ್ಲ ಪಂಪಿನ ಮೇಲೇ ತಪ್ಪು ಹೊರಿಸುತ್ತಾರೆ.

ಮೊದಲು ಇಂಜಿನ್ನಿನ ಮುಂಭಾಗವನ್ನು ಡೀಸೆಲ್ ಮತ್ತು ಬ್ರಷ್ ಹಾಕಿ ತೊಳೆಯಿರಿ. ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಆಮೇಲೆ ಮನೆಯಲ್ಲಿ ಮುಖಕ್ಕೆ ಹಚ್ಚುವ ಪೌಡರ್ ಇರುತ್ತದಲ್ಲ, ಅದನ್ನು ತಂದು ಪಂಪಿನ ಸುತ್ತ, ಹೋಸ್‌ಗಳ ಬಾಯಿಗೆ, ಥರ್ಮೋಸ್ಟಾಟ್ ಹೌಸಿಂಗಿನ ಅಂಚಿಗೆ ಉದುರಿಸಿ. ಬೆಲ್ಟಿಗೆ ತಾಗದ ಹಾಗೆ ನೋಡಿಕೊಳ್ಳಿ. ಇಂಜಿನ್ ನಿಂತಿರುವಾಗಲೇ ಒಂದು ರಾತ್ರಿ ಬಿಡಿ. ಕೆಳಗೆ ಹಳೇ ಪೇಪರ್ ಹಾಸಿ. ಬೆಳಿಗ್ಗೆ ಟಾರ್ಚ್ ಹಾಕಿ ನೋಡಿದರೆ ಪೌಡರಿನ ಮೇಲೆ ನೀರು ಹರಿದ ಗೆರೆ ಕಾಣುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ. ಅತಿ ಎತ್ತರದ ಒದ್ದೆ ಜಾಗವೇ ಮೂಲ.

ರಾತ್ರಿಯಲ್ಲಿ ಏನೂ ಬೀಳದಿದ್ದರೆ ಇಂಜಿನ್ ಓಡಿಸಿ ನೋಡಬೇಕು. ಓಡಿಸಿದರೆ ಗಾಳಿಗೆ ಪೌಡರ್ ಹಾರುತ್ತದೆ, ಆಗ ಕಣ್ಣೇ ಗತಿ. ಲುಂಗಿ, ಟವೆಲ್, ಸಡಿಲ ಅಂಗಿ ತೋಳು ಯಾವುದೂ ಫ್ಯಾನ್ ಹತ್ತಿರ ಬರಬಾರದು. ಪಕ್ಕದಿಂದ, ಒಂದು ಮೊಳ ದೂರ ನಿಂತು ಟಾರ್ಚ್ ಬಿಟ್ಟು ನೋಡಿ. ಇಂಜಿನ್ ಬಿಸಿಯಾದ ಮೇಲೆ ಸ್ವಲ್ಪ ಥ್ರಾಟಲ್ ಕೊಟ್ಟು ಕಾಯಿರಿ. ಪಂಪಿನ ಕೆಳಗಿನ ತೂತಿನಿಂದ ಹನಿ ಬಂದರೆ ಸೀಲ್ ಹೋಗಿದೆ. ಪಂಪ್ ಬಾಡಿ ಮತ್ತು ಇಂಜಿನ್ ಸೇರುವ ಅಂಚಿನಿಂದ ಬಂದರೆ ಪ್ಯಾಕಿಂಗ್ ಅಷ್ಟೇ. ಒಂದು ಹಾಳೆ ಪ್ಯಾಕಿಂಗ್ ಶೀಟಿನಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಪಂಪ್ ಕೊಳ್ಳಬೇಕಾಗಿಲ್ಲ.

ತಣ್ಣಗಿರುವಾಗ ಮಾತ್ರ ಸೋರಿ, ಬಿಸಿಯಾದ ಮೇಲೆ ನಿಂತುಹೋಗುವುದೂ ಉಂಟು. ಹೋಸ್ ಕ್ಲಿಪ್ಪುಗಳಲ್ಲಿ ಇದು ಜಾಸ್ತಿ. ಹೋಸನ್ನು ಬೆರಳಲ್ಲಿ ಹಿಚುಕಿ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಇಲ್ಲವೇ ಹಣ್ಣಾದ ಬಾಳೆಹಣ್ಣಿನ ಹಾಗೆ ಮೆತ್ತಗಿದ್ದರೆ ಬದಲಾಯಿಸಿ. ಕೆಳಗಿನ ಹೋಸ್ ಪಂಪಿನ ಬಾಯಿಗೇ ಸೇರುವುದರಿಂದ ಅದರ ಸೋರಿಕೆ ಪಂಪಿನ ಸೋರಿಕೆ ಥರವೇ ಕಾಣುತ್ತದೆ.

ಹೊರಗೆ ಎಲ್ಲೂ ಒದ್ದೆ ಇಲ್ಲ, ಆದರೂ ನೀರು ಕಡಿಮೆಯಾಗುತ್ತಿದೆ ಅಂದರೆ ದಾರಿ ಬೇರೆ. ಇಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ರೇಡಿಯೇಟರಿನಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪ್ಯಾಕಿಂಗ್ ಕಡೆ ನೋಡಬೇಕು. ಡಿಪ್ ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಸೇರುತ್ತಿದೆ. ಆಗ ಟ್ರಾಕ್ಟರ್ ಓಡಿಸಲೇಬೇಡಿ, ಇಂಜಿನ್ ಒಳಗಿನ ಬೇರಿಂಗ್ ಮೆಟಲ್ ಹೋಗಿಬಿಡುತ್ತದೆ.

ಮುಚ್ಚಳದ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮದು ಎತ್ತರದ ಜಾಗ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ, ಚಿಕ್ಕಮಗಳೂರು ಇನ್ನೂ ಮೇಲೆ. ಇಲ್ಲಿ ತೆರೆದ ಪಾತ್ರೆಯ ನೀರು 100ಕ್ಕೆ ಕುದಿಯುವುದಿಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದರೆ ಆ ಮಟ್ಟ 10 ಡಿಗ್ರಿಗೂ ಜಾಸ್ತಿ ಮೇಲೆ ಹೋಗುತ್ತದೆ. ಮುಚ್ಚಳದ ರಬ್ಬರ್ ಸತ್ತಿದ್ದರೆ ಆ ಲಾಭ ಇಲ್ಲ, ನೀರು ಬೇಗ ಕುದಿದು ಓವರ್‌ಫ್ಲೋ ಪೈಪಿನಿಂದ ಹೊರಗೆ ಹೋಗುತ್ತದೆ. ನೆಲ ಒದ್ದೆಯಾದದ್ದು ಕಂಡು ಪಂಪಿನ ಮೇಲೆ ಅನುಮಾನ ಬರುತ್ತದೆ. ಹಾಗಂತ ಕಾರಿನ ಜಾಸ್ತಿ ಒತ್ತಡದ ಮುಚ್ಚಳ ತಂದು ಹಾಕಬಾರದು. ಹಳೇ ಮುಚ್ಚಳದ ಮೇಲೆ ಯಾವ ನಂಬರ್ ಇದೆಯೋ ಅದೇ ಇರಲಿ. ಹಳೇ ರೇಡಿಯೇಟರಿನ ಬೆಸುಗೆ ಜಾಸ್ತಿ ಒತ್ತಡ ತಡೆಯುವುದಿಲ್ಲ. ಬಿಸಿ ಇಂಜಿನ್ನಿನ ಮುಚ್ಚಳವನ್ನು ಯಾವತ್ತೂ ತೆಗೆಯಬೇಡಿ. ಒತ್ತಡ ಬಿಟ್ಟ ಕ್ಷಣ ಒಳಗಿನ ನೀರು ಕುದಿದು ಮುಖಕ್ಕೇ ಹಾರುತ್ತದೆ.

ಬಿಚ್ಚುವ ಮುಂಚೆ ಕೈಯಲ್ಲೇ ಮಾಡುವ ಪರೀಕ್ಷೆ

ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಫ್ಯಾನಿನ ಎದುರುಬದುರು ರೆಕ್ಕೆಗಳನ್ನು ಎರಡು ಕೈಯಲ್ಲಿ ಹಿಡಿದು ಮುಂದೆ ಹಿಂದೆ, ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್ ಸವೆದಿದೆ. ಆಮೇಲೆ ಬೆಲ್ಟ್ ಸಡಿಲ ಮಾಡಿ ತೆಗೆದು, ಫ್ಯಾನನ್ನು ಒಂದು ಬೆರಳಲ್ಲಿ ತಿರುಗಿಸಿ. ಒಳ್ಳೆಯ ಪಂಪ್ ಸದ್ದಿಲ್ಲದೆ, ಒಂದೇ ಸಮ ಬಿಗಿಯಲ್ಲಿ ತಿರುಗುತ್ತದೆ. ಸೀಲಿನ ಹಿಡಿತ ಸ್ವಲ್ಪ ಇದ್ದೇ ಇರುತ್ತದೆ, ಅದು ಸರಿ. ರಾಗಿ ಬೀಸುವ ಕಲ್ಲಿನ ಹಾಗೆ ಗರಗರ ಅಂದರೆ ಪಂಪ್ ಬಿಚ್ಚಲೇಬೇಕು.

ನಾನು ಮೊದಲ ಸಲ ಮಾಡದೆ ಬಿಟ್ಟ ಪರೀಕ್ಷೆ ಮುಂದಿನದು. ಒಂದು ತಂತಿಯನ್ನು ರೇಡಿಯೇಟರ್ ಚೌಕಟ್ಟಿಗೆ ಕಟ್ಟಿ, ಅದರ ತುದಿ ಒಂದು ರೆಕ್ಕೆಯ ಅಂಚಿಗೆ ತಾಗಿಯೂ ತಾಗದ ಹಾಗೆ ಬಗ್ಗಿಸಿ. ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಪ್ರತಿ ರೆಕ್ಕೆಯೂ ತಂತಿಯಿಂದ ಅಷ್ಟೇ ದೂರದಲ್ಲಿ ಹಾದು ಹೋಗಬೇಕು. ಒಂದು ರೆಕ್ಕೆ ತಂತಿಗೆ ಬಡಿದು ಇನ್ನೊಂದು ದೂರ ಉಳಿದರೆ ಫ್ಯಾನ್ ಬಾಗಿದೆ, ಇಲ್ಲವೇ ಶಾಫ್ಟ್ ಬಾಗಿದೆ. ಯಾವ ರೆಕ್ಕೆಯ ತುದಿಯೂ ಮುರಿದಿಲ್ಲ ಅಂತ ನೋಡಿ. ತೂಕ ಒಂದು ಕಡೆ ಜಾಸ್ತಿಯಾದ ಫ್ಯಾನ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಶಾಫ್ಟನ್ನು ಗುದ್ದುತ್ತಲೇ ಇರುತ್ತದೆ. ಶಾಫ್ಟ್ ಕೂದಲೆಳೆಯಷ್ಟು ಅಲುಗಿದರೂ ಕಾರ್ಬನ್ ಮುಖ ಸಮನಾಗಿ ಕೂರುವುದಿಲ್ಲ. ಆಗ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ನೀರು ಬರುತ್ತದೆ.

ನಮ್ಮ ಫ್ಯಾನ್ ಬಾಗಿದ್ದು ಹೇಗೆ ಅಂತ ಆಮೇಲೆ ನೆನಪಾಯಿತು. ಹಿಂದಿನ ವರ್ಷ ರೇಡಿಯೇಟರ್ ಬಿಚ್ಚಿ ಇಡುವಾಗ ಅದು ಜಾರಿ ಫ್ಯಾನಿನ ಮೇಲೆ ಬಿದ್ದಿತ್ತು. ರೇಡಿಯೇಟರಿಗೆ ಏನಾಯಿತು ಅಂತ ನೋಡಿದ್ದೆವು. ಫ್ಯಾನ್ ಕಡೆ ಯಾರೂ ನೋಡಿರಲಿಲ್ಲ.

ಪಂಪ್ ಇಳಿಸುವುದು

ರೇಡಿಯೇಟರಿನ ಕೆಳಗಿನ ನಲ್ಲಿ ಮತ್ತು ಇಂಜಿನ್ ಪಕ್ಕದ ನಲ್ಲಿ, ಎರಡನ್ನೂ ಬಿಟ್ಟು ನೀರು ಖಾಲಿ ಮಾಡಿ. ಇಂಜಿನ್ ಪಕ್ಕದ್ದನ್ನು ಬಿಟ್ಟರೂ ನೀರು ಬರದಿದ್ದರೆ ಒಳಗೆ ತುಕ್ಕಿನ ಕೆಸರು ಕಟ್ಟಿದೆ. ತಂತಿ ಹಾಕಿ ಚುಚ್ಚಿ ಬಿಡಿಸಿ. ಕೂಲಂಟ್ ಹಾಕಿದ್ದರೆ ಬಕೆಟಿಗೆ ಹಿಡಿಯಿರಿ, ಅಂಗಳದಲ್ಲಿ ಬಿಡಬೇಡಿ. ಅದು ಸಿಹಿಯಾಗಿರುತ್ತದೆ. ನಾಯಿ, ದನ ನೆಕ್ಕಿದರೆ ಜೀವಕ್ಕೇ ಅಪಾಯ.

ರೇಡಿಯೇಟರ್ ತೆಗೆಯದೆಯೂ ಪಂಪ್ ಇಳಿಸಬಹುದು ಅನ್ನುವವರಿದ್ದಾರೆ. ಜಾಗ ಬಹಳ ಇಕ್ಕಟ್ಟು. ಸಮಯ ಇದ್ದರೆ ರೇಡಿಯೇಟರ್ ಇಳಿಸಿಯೇ ಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹೇಗೂ ಅದರ ಒಳಗೆ ತೊಳೆಯಬೇಕಾಗಿರುತ್ತದೆ. ಹಾಗೇ ಬಿಟ್ಟು ಕೆಲಸ ಮಾಡುವುದಾದರೆ ಫ್ಯಾನ್ ಮತ್ತು ರೇಡಿಯೇಟರ್ ನಡುವೆ ಒಂದು ಅಡಿಕೆ ಹಾಳೆ ಇಳಿಬಿಡಿ. ಸ್ಪ್ಯಾನರ್ ಜಾರಿದರೆ ಜಾಲರಿ ಹರಿಯುವುದಿಲ್ಲ. ರಟ್ಟಿಗಿಂತ ಹಾಳೆ ಮೇಲು, ನೀರು ಬಿದ್ದರೂ ಮೆತ್ತಗಾಗುವುದಿಲ್ಲ.

ಬೋಲ್ಟುಗಳ ವಿಷಯದಲ್ಲಿ ಅವಸರ ಬೇಡ. ಪಂಪಿನ ಬೋಲ್ಟುಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಒಂದು ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೋಲ್ಟಿನ ತಲೆಗೆ ಸಣ್ಣಗೆ ಏಟು ಕೊಡುತ್ತಿರಿ. ಬಿಚ್ಚುವಾಗ ಕಾಲು ಸುತ್ತು ಹಿಂದಕ್ಕೆ, ಸ್ವಲ್ಪ ಮುಂದಕ್ಕೆ, ಮತ್ತೆ ಹಿಂದಕ್ಕೆ. ಒಂದೇ ಎಳೆತಕ್ಕೆ ಬಿಚ್ಚಲು ಹೋದರೆ ಬೋಲ್ಟ್ ಬ್ಲಾಕಿನ ಒಳಗೇ ಮುರಿಯುತ್ತದೆ. ಮುರಿದರೆ ಡ್ರಿಲ್ ಹಿಡಿಯಬೇಡಿ. ಮುರಿದ ತುಂಡಿನ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿಸಿ. ಆ ಬಿಸಿಗೇ ತುಕ್ಕು ಬಿಡುತ್ತದೆ, ಎಷ್ಟೋ ಸಲ ಸುಲಭವಾಗಿ ಬಂದುಬಿಡುತ್ತದೆ.

ಇನ್ನೊಂದು ಮುಖ್ಯವಾದ ವಿಷಯ. ಈ ಹಳೇ ಟ್ರಾಕ್ಟರ್‌ಗಳ ಬೋಲ್ಟುಗಳು ಇಂಚಿನ ಲೆಕ್ಕದವು. 5/16 ಇಂಚು ಅಂದರೆ 7.94 ಮಿ.ಮೀ. ಮನೆಯಲ್ಲಿರುವ 8 ಮಿ.ಮೀ. ಬೋಲ್ಟ್ ಅದಕ್ಕೆ ಹಿಡಿಯುವ ಹಾಗೆ ಕಾಣುತ್ತದೆ, ಎರಡು ಮೂರು ಸುತ್ತು ಹೋಗಿಯೂ ಹೋಗುತ್ತದೆ. ಆದರೆ ಮರೆ, ಅಂದರೆ ಬೋಲ್ಟಿನ ತಿರುಪಿನ ಎಳೆ, ಬೇರೆ. ಮುಂದೆ ಬಿಗಿಯಾಗುತ್ತದೆ. ಬಲ ಹಾಕಿ ತಿರುಗಿಸಿದರೆ ಬ್ಲಾಕಿನ ಮರೆಯೇ ಕಿತ್ತು ಬರುತ್ತದೆ. ಹಳೇ ಬೋಲ್ಟನ್ನು ಅಂಗಡಿಗೆ ತೆಗೆದುಕೊಂಡು ಹೋಗಿ, ಹೊಸದನ್ನು ಅದರ ಪಕ್ಕ ಇಟ್ಟು ಮರೆಗೆ ಮರೆ ಕೂರುತ್ತದಾ ಅಂತ ನೋಡಿಯೇ ತನ್ನಿ.

ಬೇರಿಂಗ್ ಹೇಳುವ ಸಾಕ್ಷಿ

ಪಂಪ್ ಕೈಗೆ ಬಂದ ಮೇಲೆ ಎಲ್ಲರೂ ಸೀಲ್ ಬದಲಾಯಿಸುವ ಅವಸರದಲ್ಲಿರುತ್ತಾರೆ. ಹತ್ತು ನಿಮಿಷ ಕೂತು ಹಳೇ ಸಾಮಾನು ನೋಡಿ. ಪಂಪ್ ಯಾಕೆ ಹೋಯಿತು ಅನ್ನುವುದು ಅದರಲ್ಲೇ ಬರೆದಿರುತ್ತದೆ.

ಹಿಂದಿನ ಬೇರಿಂಗ್, ಅಂದರೆ ಸೀಲ್ ಪಕ್ಕದ್ದು, ತುಕ್ಕು ಹಿಡಿದು ಗ್ರೀಸ್ ಕೆಂಪಾಗಿದ್ದರೆ ಸೀಲ್ ಮೊದಲು ಹೋಗಿದೆ, ನೀರು ಒಳಗೆ ಬಂದು ಬೇರಿಂಗ್ ತಿಂದಿದೆ. ಆಗ ಸೀಲ್ ಯಾಕೆ ಹೋಯಿತು ಅಂತ ನೋಡಬೇಕು. ಕಾರ್ಬನ್ ಮುಖದಲ್ಲಿ ಗೀರುಗಳು ಎದ್ದಿದ್ದರೆ ನೀರಲ್ಲಿ ತುಕ್ಕು, ಮರಳು ಇದೆ. ಇಂಪೆಲ್ಲರ್, ಬಾಡಿಯ ಒಳಗೆ ಬಿಳಿ ಪದರ ಕಟ್ಟಿದ್ದರೆ ಗಡಸು ನೀರು ಹಾಕಿದ್ದೀರಿ. ಕಡೂರು, ಅರಸೀಕೆರೆ ಕಡೆ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆ ನೋಡಿ. ತಳದಲ್ಲಿ ಸುಣ್ಣದ ಹಾಗೆ ಕಟ್ಟಿರುತ್ತದಲ್ಲ, ಅದೇ ಇಂಜಿನ್ ಒಳಗೂ ಕಟ್ಟುತ್ತದೆ. ಸೀಲ್ ಅದರ ಮೇಲೆ ಉಜ್ಜಿ ಉಜ್ಜಿ ಸವೆಯುತ್ತದೆ.

ನೀರು ಇಲ್ಲದೆ ಇಂಜಿನ್ ಓಡಿದರೂ ಸೀಲ್ ಹೋಗುತ್ತದೆ. ಕಾರ್ಬನ್ ಮುಖಕ್ಕೆ ನೀರೇ ಎಣ್ಣೆ ಇದ್ದ ಹಾಗೆ. ನೀರು ತುಂಬುವ ಮುಂಚೆ "ಸ್ಟಾರ್ಟ್ ಆಗುತ್ತಾ ನೋಡೋಣ" ಅಂತ ಎರಡು ನಿಮಿಷ ಓಡಿಸುವವರಿದ್ದಾರೆ. ಹೊಸ ಸೀಲ್ ಅಷ್ಟಕ್ಕೇ ಸುಟ್ಟುಹೋಗಬಹುದು.

ಮುಂದಿನ ಬೇರಿಂಗ್, ಪುಲ್ಲಿ ಪಕ್ಕದ್ದು, ಒಣಗಿ ಸವೆದಿದ್ದು ಹಿಂದಿನದು ಚೆನ್ನಾಗಿದ್ದರೆ ಕಥೆ ತಿರುಗಾಮುರುಗಾ. ಬೇರಿಂಗ್ ಮೊದಲು ಸವೆದಿದೆ, ಶಾಫ್ಟ್ ಅಲುಗಿದ್ದರಿಂದ ಸೀಲ್ ಬಿಟ್ಟಿದೆ. ತಪ್ಪು ಬೆಲ್ಟಿನ ಬಿಗಿಯಲ್ಲೋ, ಫ್ಯಾನಿನ ತೂಕದಲ್ಲೋ, ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದಿರುವುದರಲ್ಲೋ ಇದೆ. ನಮ್ಮಲ್ಲಿ ಆಗಿದ್ದು ಇದೇ. ಮೊದಲ ಸಲ ತೆಗೆದ ಹಳೇ ಪಂಪನ್ನು ಕೊಟ್ಟಿಗೆ ಮೂಲೆಯಲ್ಲಿ ಇಟ್ಟಿದ್ದೆ. ಆಮೇಲೆ ಅದನ್ನೂ ಬಿಚ್ಚಿಸಿ ನೋಡಿದರೆ ಅದರಲ್ಲೂ ಮುಂದಿನ ಬೇರಿಂಗೇ ಹೋಗಿತ್ತು. ಅವತ್ತೇ ನೋಡಿದ್ದರೆ ಹೊಸ ಪಂಪಿನ ದುಡ್ಡು ಉಳಿಯುತ್ತಿತ್ತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ, ಹಳೇ ಪಂಪನ್ನು ಗುಜರಿಗೆ ಹಾಕುವ ಮುಂಚೆ ಅದರ ಬೇರಿಂಗ್ ತಿರುಗಿಸಿ ನೋಡಿ.

ಕಿಟ್ ಹಾಕುವುದಾ, ಹೊಸ ಪಂಪ್ ತರುವುದಾ?

ಬಾಡಿಯಲ್ಲಿ ಬಿರುಕಿಲ್ಲ, ಬೇರಿಂಗ್ ಕೂರುವ ಜಾಗ ಸಡಿಲ ಆಗಿಲ್ಲ, ಸೀಲ್ ಕೂರುವ ಮುಖ ಗುಳಿ ಬಿದ್ದಿಲ್ಲ ಅಂದರೆ ಹಳೇ ಬಾಡಿಗೇ ಕಿಟ್ (ಬೇರಿಂಗ್, ಸೀಲ್ ಒಟ್ಟಿಗೆ ಬರುವ ಸೆಟ್) ಹಾಕಿಸಿ. ನನ್ನ ಮನಸ್ಸು ಯಾವಾಗಲೂ ಈ ಕಡೆಗೇ. ಹಳೇ ಬೀಡು ದಪ್ಪ ಇರುತ್ತದೆ, ಇಷ್ಟು ವರ್ಷ ಬಿಸಿ ತಂಪು ಕಂಡು ಪಳಗಿರುತ್ತದೆ. ಮುಖ ಸ್ವಲ್ಪ ಗುಳಿ ಬಿದ್ದಿದ್ದರೆ ಲೇತಿನಲ್ಲಿ ಒಂದು ಪದರ ತೆಗೆಸಬಹುದು. ಶಾಫ್ಟಿನ ಮೇಲೆ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿದ್ದರೆ ಹೊಸ ಶಾಫ್ಟೇ ಬೇಕು. ಇಂಪೆಲ್ಲರಿನ ರೆಕ್ಕೆ ತುಕ್ಕಿಗೆ ಕರಗಿ ಗಿಡ್ಡವಾಗಿದ್ದರೆ ಅದನ್ನೂ ಬದಲಾಯಿಸಿ. ಇಲ್ಲದಿದ್ದರೆ ಸೋರುವುದು ನಿಂತರೂ ಇಂಜಿನ್ ಬಿಸಿಯಾಗುವುದು ನಿಲ್ಲುವುದಿಲ್ಲ.

ಬೇರಿಂಗಿನ ಮೇಲೆ ನಂಬರ್ ಕೆತ್ತಿರುತ್ತದೆ. ಉದಾಹರಣೆಗೆ 6203 ಅಂತ ಇದ್ದರೆ ಒಳಗೆ 17, ಹೊರಗೆ 40, ದಪ್ಪ 12 ಮಿ.ಮೀ. ಆ ನಂಬರ್ ಹೇಳಿದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಟ್ರಾಕ್ಟರ್ ಹೆಸರು ಹೇಳುವ ಅಗತ್ಯವೇ ಇಲ್ಲ. ಹಾಸನದ ಕಿಟ್‌ನಲ್ಲಿ ಬಂದ ಬೇರಿಂಗ್ ಕೈಗೆ ಒರಟಾಗಿ ಸಿಕ್ಕಿತು ಅಂತ ನಾವು ಬೇರಿಂಗ್ ಮಾತ್ರ ಬೇರೆ ತಂದೆವು.

ಹೊಸ ಪಂಪೇ ತರುವುದಾದರೆ ಹಳೆಯದನ್ನು ಜೊತೆಗೆ ಒಯ್ಯಿರಿ. ಕೌಂಟರ್ ಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಬೋಲ್ಟ್ ತೂತುಗಳು, ಇಂಪೆಲ್ಲರಿನ ಅಗಲ, ಹೋಸ್ ಬಾಯಿಯ ದಪ್ಪ, ಪುಲ್ಲಿ ಎಷ್ಟು ಮುಂದಕ್ಕಿದೆ ಅನ್ನುವುದು, ಎಲ್ಲ ಅಳೆಯಿರಿ. ಪುಲ್ಲಿ ಅರ್ಧ ಸೆಂಟಿಮೀಟರ್ ಹಿಂದೆ ಮುಂದೆ ಆದರೂ ಬೆಲ್ಟ್ ಓರೆಯಾಗಿ ಓಡುತ್ತದೆ. ಮ್ಯಾಸಿಯವರಿಗೆ ಸಾಮಾನಿನ ಚಿಂತೆ ಇಲ್ಲ. ಹಳೇ ಎಚ್‌ಎಂಟಿ ಇರುವವರು ಹಳೇ ಬಾಡಿಯನ್ನು ಜೋಪಾನ ಮಾಡಿಕೊಳ್ಳಿ. ಪಿಂಜೋರಿನಲ್ಲಿ 1971ರಲ್ಲಿ ಶುರುವಾಗಿದ್ದ ಆ ಟ್ರಾಕ್ಟರ್ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು.

ಜೋಡಿಸುವಾಗ

ಲೇತ್ ಅಂಗಡಿಯ ಪ್ರೆಸ್ಸಿನಲ್ಲೇ ಮಾಡಿಸಿ. ಸುತ್ತಿಗೆ ಕೆಲಸ ಅಲ್ಲ ಇದು. ಇಂಪೆಲ್ಲರ್ ಕೀಳುವ ಮುಂಚೆ, ಅದು ಬಾಡಿಯ ಹಿಂದಿನ ಮುಖದಿಂದ ಎಷ್ಟು ಒಳಗಿದೆ ಅಂತ ವರ್ನಿಯರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಹಾಕುವಾಗ ಅಷ್ಟೇ ಆಳಕ್ಕೆ ಕೂರಬೇಕು. ಜಾಸ್ತಿ ಒಳಗೆ ಹೋದರೆ ಬಾಡಿಗೆ ಉಜ್ಜುತ್ತದೆ. ಕಡಿಮೆ ಹೋದರೆ ನೀರು ಸರಿಯಾಗಿ ತಳ್ಳುವುದಿಲ್ಲ. ಬೇರಿಂಗ್ ಹಿಡಿದಿರುವ ಸರ್ಕ್ಲಿಪ್ ಇದ್ದರೆ ತೆಗೆದ ಮೇಲೇ ಶಾಫ್ಟ್ ಒತ್ತಬೇಕು. ಮರೆತು ಒತ್ತಿದರೆ ಬಾಡಿಯೇ ಸೀಳುತ್ತದೆ.

ಬೇರಿಂಗನ್ನು ಶಾಫ್ಟಿಗೆ ಹಾಕುವಾಗ ಒಳಬಳೆಯ ಮೇಲೆ ಒತ್ತಬೇಕು, ಬಾಡಿಗೆ ಹಾಕುವಾಗ ಹೊರಬಳೆಯ ಮೇಲೆ. ಇದು ತಪ್ಪಿದರೆ ಗುಂಡುಗಳ ದಾರಿಯಲ್ಲಿ ಗುಳಿ ಬಿದ್ದು ಹೊಸ ಬೇರಿಂಗೇ ಗರಗರ ಅನ್ನುತ್ತದೆ. ಸೀಲಿನ ಕಾರ್ಬನ್ ಮುಖವನ್ನು ಎಣ್ಣೆ ಕೈಯಲ್ಲಿ ಮುಟ್ಟಬೇಡಿ. ರಬ್ಬರ್ ಭಾಗ ಜಾರದಿದ್ದರೆ ಸೋಪಿನ ನೀರು ಹಚ್ಚಿ, ಗ್ರೀಸ್ ಬೇಡ. ಗ್ರೀಸ್ ನಿಪ್ಪಲ್ ಇರುವ ಹಳೇ ಪಂಪುಗಳಿಗೂ ಗನ್ನಿನಲ್ಲಿ ಒಂದೆರಡು ಏಟು ಸಾಕು. ಜಾಸ್ತಿ ಹೊಡೆದರೆ ಆ ಕೆಳಗಿನ ತೂತು ಮುಚ್ಚಿಹೋಗುತ್ತದೆ.

ಪ್ಯಾಕಿಂಗ್ ಹಳೆಯದರಷ್ಟೇ ದಪ್ಪ ಇರಲಿ. ಹಳೇ ಪ್ಯಾಕಿಂಗಿನ ಚೂರುಗಳನ್ನು ಬ್ಲಾಕಿನಿಂದ ಪೂರ್ತಿ ಕೆರೆದು ತೆಗೆಯಿರಿ. ಕೆರೆಯುವಾಗ ಒಳಗೆ ಬೀಳದ ಹಾಗೆ ಬಟ್ಟೆ ತುರುಕಿ, ಆಮೇಲೆ ಬಟ್ಟೆ ತೆಗೆಯುವುದು ನೆನಪಿರಲಿ. ಗ್ಯಾಸ್ಕೆಟ್ ಪೇಸ್ಟ್ ತೆಳ್ಳಗೆ ಸವರಿದರೆ ಸಾಕು. ದಪ್ಪ ಹಚ್ಚಿದರೆ ಒಳಗೆ ಉಕ್ಕಿದ್ದು ಕಿತ್ತುಹೋಗಿ ರೇಡಿಯೇಟರ್ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ನೀರಿನ ಜಾಗಕ್ಕೆ ತೆರೆಯುವ ಬೋಲ್ಟುಗಳ ಮರೆಗೂ ಸ್ವಲ್ಪ ಹಚ್ಚಿ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಎಲ್ಲ ಬಿಗಿದ ಮೇಲೆ ಪುಲ್ಲಿ ಕೈಯಲ್ಲಿ ತಿರುಗಿಸಿ. ಒಳಗೆ ಎಲ್ಲೂ ತಾಗಬಾರದು.

ಫ್ಯಾನನ್ನು ಮೊದಲಿದ್ದ ಮುಖ ಮುಂದಿರುವ ಹಾಗೇ ಹಾಕಿ. ತಿರುಗಿಸಿ ಹಾಕಿದರೂ ಗಾಳಿ ಅದೇ ದಿಕ್ಕಿಗೆ ಹೋಗುತ್ತದೆ, ಆದ್ದರಿಂದ ತಪ್ಪು ಗೊತ್ತಾಗುವುದಿಲ್ಲ. ಗಾಳಿಯ ಬಲ ಮಾತ್ರ ಕಡಿಮೆಯಾಗಿ ಇಂಜಿನ್ ಕಾಯುತ್ತದೆ. ಬಾಗಿದ ಫ್ಯಾನನ್ನು ಬಡಿದು ನೇರ ಮಾಡುವುದಕ್ಕಿಂತ ಬೇರೆ ತರುವುದು ಒಳ್ಳೆಯದು. ಬಡಿದ ಜಾಗದಲ್ಲಿ ಬಿರುಕು ಬಿಟ್ಟು ರೆಕ್ಕೆ ಹಾರಿದರೆ ಪಕ್ಕದಲ್ಲಿ ನಿಂತವರ ಗತಿ ಏನು? ನಾವು ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ನೇರವಾದ ಫ್ಯಾನ್ ಹುಡುಕಿ ತಂದೆವು.

ಬೆಲ್ಟ್ ಸುತ್ತುವ ಮೂರು ಪುಲ್ಲಿಗಳ ಮುಖಕ್ಕೆ ಒಂದು ದಾರ ಎಳೆದು ಹಿಡಿದು ಸಾಲು ನೋಡಿ. ಬೆಲ್ಟನ್ನು ಅತಿ ಉದ್ದದ ಕಡೆ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು. ಬೆಲ್ಟ್ ಕೀರಲು ಸದ್ದು ಮಾಡಿದರೆ ಇನ್ನೂ ಬಿಗಿ ಮಾಡಬೇಕು ಅಂತ ಅನ್ನಿಸುತ್ತದೆ. ನಾನು ಮಾಡಿದ್ದೂ ಅದೇ. ಸವೆದ ಬೆಲ್ಟ್ ಎಷ್ಟು ಬಿಗಿದರೂ ಜಾರುತ್ತದೆ. ಅದು ಪುಲ್ಲಿಯ ತಳಕ್ಕೆ ಇಳಿದು ಕೂತಿದ್ದರೆ ಹೊಸ ಬೆಲ್ಟ್ ಹಾಕಿ.

ನೀರು ತುಂಬಿ ಓಡಿಸುವುದು

ಈ ಇಂಜಿನ್ನಿಗೆ ಒಟ್ಟು 10 ಲೀಟರ್ ಆಸುಪಾಸು ನೀರು ಹಿಡಿಯುತ್ತದೆ. ಮಳೆಗಾಲದಲ್ಲಿ ಶುಭ್ರವಾದ ಪಾತ್ರೆಗೆ ಹಿಡಿದ ಮಳೆ ನೀರು ನಮ್ಮ ಮಲೆನಾಡಿನವರಿಗೆ ಸುಮ್ನೆ ಸಿಗುತ್ತದೆ. ಗಡಸಿಲ್ಲ, ಉಪ್ಪಿಲ್ಲ. ಅದಕ್ಕೆ ಕೂಲಂಟ್ ಸೇರಿಸಿ ಹಾಕಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಯಾಕೆ ಅಂತ ಅಪ್ಪ ಕೇಳುತ್ತಿದ್ದರು. ತುಕ್ಕು ತಡೆಯಲು ಅದು ಬೇಕು. ತುಕ್ಕು ನಿಂತರೆ ಸೀಲಿನ ಮೇಲೆ ಗೀರು ಬೀಳುವುದೂ ನಿಲ್ಲುತ್ತದೆ. ಬಾಟಲಿ ಮೇಲೆ ಬರೆದ ಲೆಕ್ಕದಲ್ಲೇ ಬೆರೆಸಿ.

ನಿಧಾನಕ್ಕೆ ತುಂಬಿಸಿ, ಮೇಲಿನ ಹೋಸನ್ನು ಆಗಾಗ ಹಿಚುಕಿ. ಒಳಗಿನ ಗಾಳಿ ಹೊರಗೆ ಬರುತ್ತದೆ. ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ ನಿಧಾನದಲ್ಲಿ ಓಡಿಸಿ. ಸುಮಾರು 80 ಡಿಗ್ರಿಗೆ ಥರ್ಮೋಸ್ಟಾಟ್ ತೆರೆದಾಗ ನೀರಿನ ಮಟ್ಟ ಒಮ್ಮೆ ಇಳಿಯುತ್ತದೆ, ಅಷ್ಟು ತುಂಬಿಸಿ ಮುಚ್ಚಿ. ಯಾವತ್ತಾದರೂ ಇಂಜಿನ್ ಕುದಿದು ನಿಂತರೆ ತಣ್ಣೀರು ಸುರಿಯಬೇಡಿ. ಬಿಸಿ ಬೀಡಿಗೆ ತಣ್ಣೀರು ಬಿದ್ದರೆ ಹೆಡ್ ಸೀಳುತ್ತದೆ. ಮರದ ನೆರಳಲ್ಲಿ ನಿಲ್ಲಿಸಿ, ತಾನೇ ತಣ್ಣಗಾಗಲು ಬಿಡಿ.

ಹೊಸ ಸೀಲ್ ಹಾಕಿದ ಮೇಲೆ ಮೊದಲ ಅರ್ಧ ಗಂಟೆ ಕೆಳಗಿನ ತೂತಿನಿಂದ ನಾಲ್ಕಾರು ಹನಿ ಬಂದರೆ ಹೆದರಬೇಡಿ. ಎರಡು ಮುಖ ಒಂದಕ್ಕೊಂದು ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ಮಾರನೇ ದಿನವೂ ಹನಿ ನಿಲ್ಲದಿದ್ದರೆ ಮಾತ್ರ ಮತ್ತೆ ನೋಡಿ. ಮೊದಲ ದಿನದ ಕೆಲಸ ಮುಗಿದು ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬೋಲ್ಟುಗಳನ್ನೂ ಹೋಸ್ ಕ್ಲಿಪ್ಪುಗಳನ್ನೂ ಇನ್ನೊಮ್ಮೆ ಬಿಗಿ ನೋಡಿ. ಹೊಸ ಬೆಲ್ಟ್ ಸ್ವಲ್ಪ ಹಿಗ್ಗುತ್ತದೆ, ಅದನ್ನೂ ನೋಡಿ.

ನಾನು ಈಗ ವಾರಕ್ಕೊಮ್ಮೆ, ಡೀಸೆಲ್ ಹಾಕುವ ಹೊತ್ತಿಗೆ, ಪಂಪಿನ ಕೆಳಗಿನ ಆ ತೂತನ್ನು ಒಂದು ತೆಂಗಿನ ಗರಿ ಕಡ್ಡಿಯಿಂದ ಚುಚ್ಚಿ ಶುಚಿ ಮಾಡುತ್ತೇನೆ. ಕಡ್ಡಿ ಒಣಗಿಯೇ ಆಚೆ ಬಂದರೆ ಪಂಪ್ ಚೆನ್ನಾಗಿದೆ.